ಕಪ್ಪು ಟ್ಯೂಬ್ ಮುಟ್ಟದೆ ಎಮ್ಮೆ ಬರೆಯುವುದು ಹೇಗೆ?

ಕೋಲಾರದ ಸುತ್ತಮುತ್ತ ಜಲವರ್ಣ ಬರೆಯಲು ಕೂತವರಿಗೆ ಕಪ್ಪು ವಸ್ತುಗಳ ಕೊರತೆಯಿಲ್ಲ. ಕೆರೆಯಲ್ಲಿ ಮಲಗಿದ ಎಮ್ಮೆ, ಕರೆಂಟು ತಂತಿಯ ಮೇಲಿನ ಕಾಗೆ, ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಯ ಉಳಿಗಾಗಿ ಕಾದಿರುವ ಕೃಷ್ಣಶಿಲೆ, ಹೊಗೆ ಹಿಡಿದ ಹಳೆಯ ಅಡುಗೆಮನೆಯ ಗೋಡೆ, ಇವೆಲ್ಲವನ್ನೂ ನಾವು ಬಾಯಲ್ಲಿ ಕಪ್ಪು ಎಂದೇ ಹೇಳುತ್ತೇವೆ. ಬಾಯಿ ಹೇಳಿದ್ದನ್ನೇ ಬ್ರಷ್ಷೂ ಹೇಳಲು ಹೊರಟಾಗ ಚಿತ್ರ ಕೆಡುತ್ತದೆ. ನಾನು ಬರೆದ ಮೊದಲ ಎಮ್ಮೆಯನ್ನು ಪೆಟ್ಟಿಗೆಯಲ್ಲಿದ್ದ ಕಪ್ಪು ಟ್ಯೂಬಿನಿಂದ ನೇರವಾಗಿ ತುಂಬಿಬಿಟ್ಟಿದ್ದೆ. ಕೆರೆಯ ಏರಿಯ ಮೇಲೆ ಎಮ್ಮೆ ಕಾಯುತ್ತಿದ್ದ ಅಜ್ಜಿಯೊಬ್ಬರು ಬಗ್ಗಿ ನೋಡಿ, "ನೆರಳು ಬರ್ದಿದ್ದೀಯಲ್ಲಪ್ಪಾ, ಎಮ್ಮೆ ಎಲ್ಲೈತೆ?" ಎಂದು ಕೇಳಿದರು. ಅದಕ್ಕಿಂತ ಸರಿಯಾದ ವಿಮರ್ಶೆ ನನಗೆ ಆಮೇಲೆ ಯಾರಿಂದಲೂ ಸಿಕ್ಕಿಲ್ಲ.

ಟ್ಯೂಬಿನಲ್ಲಿರುವ ಕಪ್ಪು ಬಹುಮಟ್ಟಿಗೆ ಇಂಗಾಲ. ಲ್ಯಾಂಪ್ ಬ್ಲ್ಯಾಕ್ ಎಂದು ಮಾರುವುದು ಮೂಲದಲ್ಲಿ ದೀಪದ ಮಸಿ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಮನೆಗಳಲ್ಲಿ ತೆಗೆಯುತ್ತಿದ್ದ ಕಾಡಿಗೆಯ ದಾಯಾದಿ. ಐವರಿ ಬ್ಲ್ಯಾಕ್ ಎಂಬ ಹೆಸರಿನಲ್ಲಿ ದಂತವಿದ್ದರೂ ಈಗ ಅದನ್ನು ಪ್ರಾಣಿಗಳ ಮೂಳೆಯನ್ನು ಸುಟ್ಟ ಇದ್ದಿಲಿನಿಂದ ಮಾಡುತ್ತಾರೆ. ಜಲವರ್ಣಕ್ಕೆ ಕಾಂತಿ ಬರುವುದು ಬೆಳಕು ಬಣ್ಣದ ತೆಳು ಪದರವನ್ನು ದಾಟಿ, ಕೆಳಗಿನ ಬಿಳಿ ಕಾಗದಕ್ಕೆ ತಗುಲಿ, ಅದೇ ದಾರಿಯಲ್ಲಿ ಹಿಂದಿರುಗಿ ನಮ್ಮ ಕಣ್ಣಿಗೆ ಬೀಳುವುದರಿಂದ. ಇಂಗಾಲವು ಬೆಳಕಿನ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ನುಂಗುವುದರಿಂದ ದಪ್ಪವಾಗಿ ಹಚ್ಚಿದರೆ ಆ ದಾರಿ ಮುಚ್ಚಿಹೋಗುತ್ತದೆ, ನೀರು ಬೆರೆಸಿ ತೆಳು ಮಾಡಿದರೆ ಸಪ್ಪೆ ಬೂದಿ ಬಣ್ಣ ಮಾತ್ರ ಉಳಿಯುತ್ತದೆ. ಎಮ್ಮೆಯ ಬೆನ್ನಿಗೂ ಹೊಟ್ಟೆಗೂ ಒಂದೇ ಮಸಿ ಬಿದ್ದಾಗ ಮೈಯ ಉಬ್ಬುತಗ್ಗುಗಳನ್ನು ತೋರಿಸಲು ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಹಾಗಾದರೆ ಕಪ್ಪು ಮೈಯಲ್ಲಿ ಕಾಣುವುದೇನು? ನುಣುಪಾದ ಕಪ್ಪು ಮೈ ಮಬ್ಬು ಕನ್ನಡಿಯಂತೆ ಸುತ್ತಲಿನದನ್ನು ಹಿಡಿಯುತ್ತದೆ. ಆಕಾಶಕ್ಕೆ ಮುಖ ಮಾಡಿದ ಭಾಗ ನೀಲಿಗೆ ವಾಲುತ್ತದೆ, ನೆಲಕ್ಕೆ ಮುಖ ಮಾಡಿದ ಭಾಗಕ್ಕೆ ನೆಲದ ಬಣ್ಣ ತಾಗುತ್ತದೆ, ಮತ್ತು ನಮ್ಮ ಸೀಮೆಯ ನೆಲ ಕೆಮ್ಮಣ್ಣಿನದಾದ್ದರಿಂದ ಬಿಸಿಲಿನಲ್ಲಿ ನಿಂತ ಎಮ್ಮೆಯ ಹೊಟ್ಟೆಯಡಿ ಬಾಡಿದ ಕೆಂಪು ಕಾಣಿಸುತ್ತದೆ. ನಿಜವಾಗಿ ಕಡುಕಪ್ಪು ಎನ್ನಬಹುದಾದ ಜಾಗ ಮೂಗಿನ ಹೊಳ್ಳೆ, ಕಿವಿಯ ಒಳಗು, ಕಾಲುಗಳ ಸಂದು, ಇಷ್ಟೇ. ಪೆನ್ಸಿಲಿನಿಂದ ಗೆರೆ ಎಳೆಯುವ ಮೊದಲು ಐದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿ, ಎಲ್ಲಿ ನೀಲಿ, ಎಲ್ಲಿ ಕಂದು, ಎಲ್ಲಿ ಮಾತ್ರ ಕತ್ತಲೆ ಎಂದು ಮೂರು ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬಣ್ಣಗಳ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಎಲ್ಲಕ್ಕಿಂತ ನೆಚ್ಚಿನ ಕಪ್ಪು ಎಂದರೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನಾ, ಈ ಎರಡರ ಬೆರಕೆ. ನೀಲಿಯ ಎದುರು ಬಣ್ಣ ಕಿತ್ತಳೆ. ಬರ್ನ್ಟ್ ಸಿಯೆನಾ ಎನ್ನುವುದು ಸುಟ್ಟ ಮಣ್ಣಿನ ಮಂಕು ಕಿತ್ತಳೆ. ಎರಡೂ ಒಂದರ ಬಣ್ಣವನ್ನು ಇನ್ನೊಂದು ನುಂಗಿ ಕತ್ತಲೆಯಾಗುತ್ತವೆ. ನೀಲಿಯ ಕೈ ಮೇಲಾದರೆ ತಣ್ಣನೆಯ ಕಪ್ಪು, ಕಂದಿನ ಕೈ ಮೇಲಾದರೆ ಬೆಚ್ಚನೆಯ ಕಪ್ಪು, ಹಾಗಾಗಿ ಒಂದೇ ಜೋಡಿಯಿಂದ ಎಮ್ಮೆಯ ಬೆನ್ನೂ ಹೊಟ್ಟೆಯೂ ಎರಡೂ ದೊರೆಯುತ್ತವೆ. ಅಲ್ಟ್ರಾಮರೀನಿನ ಕಣಗಳು ಕಾಗದದ ಸಣ್ಣ ಗುಳಿಗಳಲ್ಲಿ ತಂಗಿ ಒಣಗುವಾಗ ಅಲ್ಲಲ್ಲಿ ನೀಲಿ ನುಸಿಯಂತೆ ಬಿಡಿಬಿಡಿಯಾಗಿ ಕಾಣುತ್ತವೆ. ಇದನ್ನು ಕೊರತೆಯೆಂದು ಹೊಸಬರು ಉಜ್ಜಲು ಹೋಗುತ್ತಾರೆ. ಉಜ್ಜಬೇಡಿ, ಕಪ್ಪಿನೊಳಗೆ ಗಾಳಿಯಾಡುವಂತೆ ಕಾಣುವುದು ಅದರಿಂದಲೇ.

ಬರ್ನ್ಟ್ ಸಿಯೆನಾದ ಬದಲು ಬರ್ನ್ಟ್ ಅಂಬರ್ ಎಂಬ ಕಡುಕಂದು ಬಣ್ಣ ಹಾಕಿದರೆ ಇನ್ನಷ್ಟು ಗಾಢವಾದ, ಸ್ವಲ್ಪ ಮಂಕಾದ ಕಪ್ಪು ಬರುತ್ತದೆ; ಕಲ್ಲಿಗೆ, ಹೊಗೆಗೋಡೆಗೆ ಅದು ಒಪ್ಪುತ್ತದೆ. ಎಲ್ಲಕ್ಕಿಂತ ಆಳವಾದ ಕತ್ತಲೆ ಬೇಕಾದಾಗ ಥ್ಯಾಲೊ ಹಸಿರಿಗೆ ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಬೆರೆಸಬೇಕು. ಹಸಿರು ಕೆಂಪುಗಳು ಸೇರಿ ಟ್ಯೂಬಿನ ಕಪ್ಪಿಗೆ ಸರಿಗಟ್ಟುವ ಕಪ್ಪಾಗುತ್ತವೆ, ಆದರೂ ಪಾರದರ್ಶಕವಾಗಿಯೇ ಉಳಿಯುತ್ತವೆ. ಇಲ್ಲಿ ಎರಡು ಎಚ್ಚರಿಕೆ ಬೇಕು. ಥ್ಯಾಲೊ ಹಸಿರು ಬಹಳ ಬಲಶಾಲಿ, ಒಂದು ಕಾಳಿನಷ್ಟಕ್ಕೆ ನಾಲ್ಕು ಕಾಳಿನಷ್ಟು ಕೆಂಪು ಬೇಕಾಗಬಹುದು, ಕಾಗದಕ್ಕೆ ಅಂಟಿದರೆ ಬಿಡುವುದೂ ಇಲ್ಲ. ಇನ್ನು ಟ್ಯೂಬಿನ ಮೇಲೆ ಪಿಆರ್ 83 ಎಂಬ ವರ್ಣದ್ರವ್ಯದ ಗುರುತಿರುವ ಹಳೆಯ ಅಲಿಜರಿನ್ ಬೆಳಕಿಗೆ ಮಾಸುತ್ತದೆ. ಗೋಡೆಗೆ ಹಾಕಿದ ಚಿತ್ರದಲ್ಲಿ ಕೆಂಪು ಹೋಗಿ ಕಾಗೆ ಹಸಿರಾಗುತ್ತ ಬರುತ್ತದೆ. ಆದ್ದರಿಂದ ಪರ್ಮನೆಂಟ್ ಅಲಿಜರಿನ್ ಎಂದು ಬರೆದಿರುವ ಟ್ಯೂಬನ್ನೇ ಕೊಳ್ಳುವುದು ಲೇಸು.

ಪೇನ್ಸ್ ಗ್ರೇ, ಇಂಡಿಗೊ, ನ್ಯೂಟ್ರಲ್ ಟಿಂಟ್ ಎಂಬ ಸಿದ್ಧ ಬಣ್ಣಗಳ ಬಗ್ಗೆ ಪದೇ ಪದೇ ಕೇಳುತ್ತಾರೆ. ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಪಿಬಿಕೆ (ಕಪ್ಪು ವರ್ಣದ್ರವ್ಯದ ಗುರುತು) 6, 7 ಅಥವಾ 9 ಎಂದಿದ್ದರೆ ಒಳಗೆ ಇಂಗಾಲದ ಕಪ್ಪೇ ಇದೆ ಎಂದರ್ಥ, ಮತ್ತು ಈ ಮೂರು ಸಿದ್ಧ ಬಣ್ಣಗಳಲ್ಲೂ ಅನೇಕ ಕಂಪನಿಗಳು ಅದನ್ನು ಸೇರಿಸಿಯೇ ಮಾರುತ್ತವೆ. ಅವು ಕೆಟ್ಟ ಬಣ್ಣಗಳೆಂದಲ್ಲ. ಮುಂಬಾಗಿಲಲ್ಲಿ ಬೇಡವೆಂದ ಅತಿಥಿ ಹಿತ್ತಲಿನಿಂದ ಒಳಗೆ ಬಂದಿದ್ದಾನೆ ಎಂಬುದು ತಿಳಿದಿದ್ದರೆ ಸಾಕು.

ಹೊಸಬರು ಎಡವುವುದು ಬಣ್ಣದ ಆಯ್ಕೆಗಿಂತ ಹೆಚ್ಚಾಗಿ ನೀರಿನ ಅಳತೆಯಲ್ಲಿ. ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ಹಸಿಯಿದ್ದಾಗ ಸರಿ ಎನಿಸಿದ ಕಪ್ಪು ಹತ್ತು ನಿಮಿಷದಲ್ಲಿ ಬೂದಿಯಾಗಿ ಕೂತಿರುತ್ತದೆ, ಆಗಲೇ ಕೈ ತಾನಾಗಿ ಕಪ್ಪು ಟ್ಯೂಬಿನ ಕಡೆ ಹೋಗುತ್ತದೆ. ನಾನು ಮೂರು ಹದ ಇಟ್ಟುಕೊಂಡಿದ್ದೇನೆ. ನೀರುಮಜ್ಜಿಗೆಯ ಹದ ಮೊದಲ ತೆಳು ಪದರಕ್ಕೆ, ಹಾಲಿನ ಹದ ನಡುವಣ ಪದರಕ್ಕೆ, ಗಟ್ಟಿ ಮೊಸರಿನ ಹದ ಕೊನೆಯ ಕತ್ತಲೆಗೆ. ಗಟ್ಟಿ ಮೊಸರಿನ ಹದಕ್ಕೆ ಬಣ್ಣ ಧಾರಾಳವಾಗಿ ಬೇಕು. ಟ್ಯೂಬನ್ನು ಜಿಪುಣತನದಿಂದ ಒತ್ತುವವರಿಗೆ ಕಪ್ಪು ಎಂದೂ ಒಲಿಯುವುದಿಲ್ಲ. ಬರೆಯುವ ಕಾಗದದ್ದೇ ಒಂದು ತುಂಡಿನಲ್ಲಿ ಮೂರು ಹದಗಳನ್ನೂ ಹಚ್ಚಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಚಿತ್ರಕ್ಕೆ ಕೈ ಹಾಕಿ. ಕಾಗದ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ ಇರಲಿ. ಶಾಲೆಯ ಡ್ರಾಯಿಂಗ್ ಹಾಳೆ ಎರಡನೆಯ ಪದರಕ್ಕೇ ಸುರುಳಿ ಸುತ್ತಿಕೊಳ್ಳುತ್ತದೆ.

ಅಭ್ಯಾಸವನ್ನು ಕಲ್ಲಿನಿಂದ ಶುರು ಮಾಡುವುದು ಒಳ್ಳೆಯದು, ಅದು ಎದ್ದು ಹೋಗುವುದಿಲ್ಲ. ಶಿವಾರಪಟ್ಟಣದಲ್ಲಿ ಕೆತ್ತನೆ ನಡೆಯುತ್ತಿರುವ ಕೃಷ್ಣಶಿಲೆಯ ವಿಗ್ರಹವನ್ನು ಹತ್ತಿರದಿಂದ ನೋಡಿದರೆ ಅದು ಕಪ್ಪೇ ಅಲ್ಲ. ಉಳಿ ತಾಗಿದ ಕಡೆಯೆಲ್ಲ ವಿಭೂತಿ ಬಳಿದಂತೆ ಬೂದಿ ಬಣ್ಣ, ನಯಗೊಳಿಸಿದ ಕಡೆ ಮಾತ್ರ ಗಾಢ. ಅದೇ ಕಲ್ಲು ಗುಡಿಯಲ್ಲಿ ಎಣ್ಣೆ ಕುಡಿದು ನಿಂತಾಗ ಕಾಡಿಗೆಯಂತೆ ಮಿಂಚುತ್ತದೆ. ಕಾರಣ ಸರಳ: ಒರಟು ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಬೆಳ್ಳಗೆ ಕಾಣುತ್ತದೆ, ಎಣ್ಣೆ ಆ ತರಿಗಳನ್ನು ತುಂಬಿ ನುಣುಪಾಗಿಸಿದಾಗ ಚೆದುರುವಿಕೆ ತಗ್ಗಿ ಕಪ್ಪು ಮೇಲೆ ಬರುತ್ತದೆ. ಕೆತ್ತನೆಯ ಕಲ್ಲಿಗೆ ಅಲ್ಟ್ರಾಮರೀನ್ ಮತ್ತು ಅಂಬರ್ ಬೆರಕೆಯನ್ನು ನೀರುಮಜ್ಜಿಗೆ ಹದದಲ್ಲಿ ಹರಡಿ, ಒಣಗಿದ ಮೇಲೆ ಅರೆ ಒಣಗಿದ ಬ್ರಷ್ಷನ್ನು ಮಲಗಿಸಿ ಎಳೆದರೆ ಉಳಿಯ ಗುರುತುಗಳು ತಾವಾಗಿಯೇ ಮೂಡುತ್ತವೆ. ಎಣ್ಣೆ ಹಚ್ಚಿದ ವಿಗ್ರಹಕ್ಕೆ ಇದರ ವಿರುದ್ಧ ಕ್ರಮ ಬೇಕು. ಹೊಳಪಿನ ಜಾಗಗಳನ್ನು ಕಾಗದದ ಬಿಳಿಯಾಗಿಯೇ ಉಳಿಸಿಕೊಂಡು, ಅವುಗಳ ಅಂಚಿಗೆ ತಾಗುವಂತೆಯೇ ಗಟ್ಟಿ ಮೊಸರಿನ ಕಪ್ಪನ್ನು ಇಡಬೇಕು.

ಈಗ ಎಮ್ಮೆ. 2018ರಲ್ಲಿ ಕೆ.ಸಿ. ವ್ಯಾಲಿಯ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ) ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಹರಿಯಲು ಶುರುವಾದ ಮೇಲೆ, ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಎಷ್ಟೋ ಅಂಗಳಗಳಲ್ಲಿ ಮತ್ತೆ ನೀರು ನಿಂತಿದೆ. ನೀರಿನ ಗುಣಮಟ್ಟದ ಚರ್ಚೆ ಬೇರೆ, ಚಿತ್ರ ಬರೆಯುವವನಿಗಂತೂ ನೀರಿನಿಂದ ಎದ್ದು ಬಂದ ಎಮ್ಮೆಗಿಂತ ಒಳ್ಳೆಯ ಪಾಠ ಸಿಗದು. ಎಮ್ಮೆಯ ಮೈಮೇಲೆ ಕೂದಲು ವಿರಳ. ಆದ್ದರಿಂದ ಒದ್ದೆ ಚರ್ಮ ಹಾಗೇ ಹೊಳೆಯುತ್ತದೆ, ಬೆನ್ನಿನ ಮೇಲೆ ಆಕಾಶದ ಒಂದು ಪಟ್ಟಿಯೇ ಮಲಗಿರುತ್ತದೆ. ಬೆಳಗಿನ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ನಂತರ ಕೂರುವುದು ಒಳ್ಳೆಯದು. ಬೇಸಿಗೆಯ ಮಧ್ಯಾಹ್ನ ನಮ್ಮ ಒಣಹವೆಯಲ್ಲಿ ಬಣ್ಣ ಹರಡುವ ಮೊದಲೇ ಆರಿ ಗೆರೆ ಕಟ್ಟುತ್ತದೆ.

ಆಕಾರವನ್ನು ತೆಳುವಾಗಿ ಗುರುತಿಸಿದ ಮೇಲೆ ಎಮ್ಮೆಯ ಇಡೀ ಮೈಯನ್ನು ಶುದ್ಧ ನೀರಿನಿಂದ ಒದ್ದೆ ಮಾಡಿ, ಬೆನ್ನಿನ ನೆತ್ತಿಯಲ್ಲಿ ಬೆರಳಗಲದ ಪಟ್ಟಿಯೊಂದನ್ನು ಮಾತ್ರ ಒಣಗಿಯೇ ಬಿಡಿ. ಒದ್ದೆಯ ಮೇಲಿನ ಭಾಗಕ್ಕೆ ತೆಳು ಅಲ್ಟ್ರಾಮರೀನ್, ಕೆಳಭಾಗಕ್ಕೆ ತೆಳು ಬರ್ನ್ಟ್ ಸಿಯೆನಾ ಇಳಿಸಿ, ನಡುವೆ ಅವೆರಡೂ ತಾವೇ ಕೂಡಿಕೊಳ್ಳಲು ಬಿಡಿ. ಈ ಹಂತದಲ್ಲಿ ಎಮ್ಮೆ ನೀಲಿ ಕಂದು ಬಣ್ಣದ ವಿಚಿತ್ರ ಪ್ರಾಣಿಯಂತೆ ಕಾಣುತ್ತದೆ, ಅಂಜಬೇಕಾಗಿಲ್ಲ. ಕಾಗದದ ಮೇಲಿನ ನೀರಿನ ಮಿನುಗು ಇನ್ನೇನು ಆರುತ್ತಿದೆ ಎನ್ನುವಾಗ ಹಾಲಿನ ಹದದ ಕಪ್ಪನ್ನು ಭುಜದ ಹಿಂದೆ, ಪಕ್ಕೆಲುಬಿನ ತಗ್ಗಿನಲ್ಲಿ, ಹೊಟ್ಟೆಯ ತಿರುವಿನಲ್ಲಿ ಇಟ್ಟರೆ ಅದು ಅಂಚುಗಳಿಲ್ಲದೆ ಮೆತ್ತಗೆ ಹರಡುತ್ತದೆ. ಬಣ್ಣವನ್ನು ಪ್ಯಾಲೆಟ್ಟಿನಲ್ಲಿ ಪೂರ್ತಿ ಕಲಸಬೇಡಿ. ಬ್ರಷ್ಷಿನ ಒಂದು ಮಗ್ಗುಲಲ್ಲಿ ನೀಲಿ, ಇನ್ನೊಂದರಲ್ಲಿ ಕಂದು ಉಳಿದಿದ್ದರೆ ಪ್ರತಿ ಎಳೆತದಲ್ಲೂ ಕಪ್ಪು ತುಸು ಬದಲಾಗುತ್ತದೆ, ಚರ್ಮಕ್ಕೆ ಜೀವ ಬರುತ್ತದೆ. ಅರ್ಧ ಆರಿದ ಮೇಲೆ ನೀರು ತುಂಬಿದ ಬ್ರಷ್ ತಗುಲಿಸಿದರೆ ಮಾತ್ರ ಹೂಕೋಸಿನ ಆಕಾರದ ಕಲೆ ಏಳುತ್ತದೆ. ಆ ಹೊತ್ತಿನಲ್ಲಿ ಎದ್ದು ಚಹಾ ಕುಡಿದು ಬರುವುದೇ ಸುರಕ್ಷಿತ.

ಪೂರ್ತಿ ಒಣಗಿದ ಮೇಲೆ ಕೊನೆಯ ಕತ್ತಲೆಗಳನ್ನು ಇಡಬೇಕು. ಹಸಿರು ಕೆಂಪಿನ ಗಟ್ಟಿ ಬೆರಕೆಯನ್ನು ಹೊಳ್ಳೆಗೆ, ಕಣ್ಣಿಗೆ, ಕಿವಿಯ ಒಳಗಿಗೆ, ಕಾಲುಗಳು ನೀರಿಗೆ ತಾಗುವ ಗೆರೆಗೆ ಮಾತ್ರ ಬಳಸಿ, ಅಲ್ಲಿಗೇ ನಿಲ್ಲಿಸಿ. ನನ್ನ ಲೆಕ್ಕದಲ್ಲಿ ಇಡೀ ಎಮ್ಮೆಯ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಾಗ ಕಡುಕಪ್ಪಾಗಬಾರದು. ಕೊಂಬನ್ನು ಮೈಯ ಬಣ್ಣದಿಂದಲೇ ಎಳೆದುಬಿಡುವ ಅಭ್ಯಾಸ ಹಲವರಿಗಿದೆ, ಆದರೆ ಅದು ಬೂದಿಯ ಕಡೆಗೆ ವಾಲಿದ, ಗಣ್ಣುಗಣ್ಣಾದ ಒಣ ವಸ್ತು; ಪಕ್ಕದ ಒದ್ದೆ ಚರ್ಮದಷ್ಟು ಹೊಳೆಯಕೂಡದು. ಬೆನ್ನಿನ ಬಿಳಿ ಪಟ್ಟಿ ಕಣ್ಣಿಗೆ ಚುಚ್ಚುವಂತಿದ್ದರೆ ತೀರಾ ತೆಳು ಸೆರುಲಿಯನ್ ನೀಲಿಯನ್ನು ಒಂದೇ ಸಲ ಅದರ ಮೇಲೆ ಹಾಯಿಸಿ. ಆಕಾಶಕ್ಕೂ ಅದೇ ನೀಲಿಯನ್ನು ಬಳಸಿದ್ದರೆ ಎಮ್ಮೆ ಆ ಆಕಾಶದ ಕೆಳಗೇ ನಿಂತಂತೆ ತೋರುತ್ತದೆ.

ಕಾಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರಕಾಗೆಯ ಕುತ್ತಿಗೆ ಮತ್ತು ಎದೆ ಬೂದಿ ಬಣ್ಣದವು. ಆ ಬೂದಿಯನ್ನು ಸರಿಯಾಗಿ ತೆಳುವಾಗಿಟ್ಟರೆ ತಲೆ ರೆಕ್ಕೆಗಳ ಕಪ್ಪು ತಾನೇ ಗಾಢವಾಗಿ ಕಾಣುತ್ತದೆ. ರೆಕ್ಕೆಯ ಹೊಳಪಿನಲ್ಲಿ ನೇರಳೆ, ನೀಲಿ, ಹಸಿರು ಮೂರೂ ಸುಳಿಯುತ್ತವೆ, ಹಾಗಾಗಿ ಇಲ್ಲಿ ಥ್ಯಾಲೊ ಮತ್ತು ಅಲಿಜರಿನ್ ಜೋಡಿಯನ್ನು ಕಲಸದೆ ಪಕ್ಕಪಕ್ಕದಲ್ಲಿ ಹಸಿಯಾಗಿಟ್ಟು ನೋಡಿ. ಪುಕ್ಕಗಳನ್ನು ಎಣಿಸಲು ಹೋಗಬೇಡಿ, ಕಾಗೆ ಅಷ್ಟು ಹೊತ್ತು ಕೂರುವ ಹಕ್ಕಿಯಲ್ಲ.

ಕಪ್ಪು ಕೆಸರಾಯಿತು ಎಂಬ ದೂರಿಗೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಮೂರು ನಾಲ್ಕು ಬಣ್ಣಗಳನ್ನು ಒಟ್ಟಿಗೆ ಕಲಸಿರಬಹುದು, ಇಲ್ಲವೇ ಒಂದೇ ಜಾಗಕ್ಕೆ ಮೂರಕ್ಕಿಂತ ಹೆಚ್ಚು ಪದರ ಹಾಕಿ ಕೆಳಗಿನ ಬಣ್ಣವನ್ನು ಕೆದಕಿರಬಹುದು. ಎರಡೇ ಬಣ್ಣ, ಹೆಚ್ಚೆಂದರೆ ಮೂರು ಪದರ ಎಂಬ ಮಿತಿ ಹಾಕಿಕೊಳ್ಳಿ. ಹೊಳಪು ಮುಚ್ಚಿಹೋಗಿದ್ದರೆ ಒದ್ದೆ ಮಾಡಿ ಹಿಂಡಿದ ಬ್ರಷ್ಷಿನಿಂದ ಆ ಜಾಗವನ್ನು ಒಂದೆರಡು ಸಲ ಸವರಿ, ಬಟ್ಟೆಯಿಂದ ಒತ್ತಿ ತೆಗೆಯಬಹುದು. ಅಲ್ಟ್ರಾಮರೀನ್ ಮತ್ತು ಸಿಯೆನಾ ಬೆರಕೆ ಸಾಕಷ್ಟು ಬಿಟ್ಟುಕೊಡುತ್ತದೆ. ಥ್ಯಾಲೊ ಬಿಡುವುದಿಲ್ಲ, ಅದನ್ನು ಕೊನೆಗೆ ಇಡಿ ಎಂದದ್ದು ಅದಕ್ಕೇ.

ಕೆಲಸ ಮುಗಿದ ಮೇಲೆ ಪ್ಯಾಲೆಟ್ ತೊಳೆಯಬೇಡಿ. ಉಳಿದ ಬೆರಕೆ ಒಣಗಿ ಕರಿ ಹೆಪ್ಪಾಗಿ ಕೂತಿರುತ್ತದೆ. ಮರುದಿನ ಎರಡು ಹನಿ ನೀರು ಬಿಟ್ಟರೆ ಕರಗುತ್ತದೆ, ಮತ್ತು ಪಕ್ಕದಲ್ಲಿ ಉಳಿದ ನೀಲಿಗೋ ಕಂದಿಗೋ ತುಸು ಸೇರಿ ನಿನ್ನೆಗಿಂತ ಬೇರೆಯೇ ಆದ ಕಪ್ಪು ದೊರೆಯುತ್ತದೆ. ನನ್ನ ಪ್ಯಾಲೆಟ್ಟಿನ ಆ ಮೂಲೆಯನ್ನು ತೊಳೆದು ಎರಡು ವರ್ಷವಾಗಿದೆ.