ಐದೂವರೆಯಿಂದ ನಾಲ್ಕೂವರೆ ಮನೆಗೆ

ಹತ್ತನೆಯ ವಯಸ್ಸಿನಲ್ಲಿ ನಾನು ಮಾಯಾಮಾಳವಗೌಳ ರಾಗದ ಸರಳೆವರಸೆ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠ, ಆರಂಭಿಸಿದಾಗ ಪಾಠದ ತಂಬೂರಿ ಐದೂವರೆ ಮನೆ ಶ್ರುತಿಯಲ್ಲಿತ್ತು. ಶ್ರುತಿಯೆಂದರೆ ಹಾಡಿಗೆ ಆಧಾರವಾದ ಷಡ್ಜದ ಎತ್ತರ; ಮನೆಯ ಸಂಖ್ಯೆ ಹೆಚ್ಚಿದಷ್ಟೂ ಅದು ಮೇಲೇರುತ್ತದೆ. ಅದೇ ನನ್ನ ಶ್ರುತಿಯೆಂದು ನಂಬಿ ಮುಂದಿನ 19 ವರ್ಷ ಹಾಡಿದೆ. 1939ರಲ್ಲಿ ಆರಂಭವಾದ ರಾಮಸೇವಾ ಮಂಡಳಿಯ ಸಂಗೀತ ಕಚೇರಿಗಳನ್ನು ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಕೇಳುತ್ತ ಬೆಳೆದ ನನಗೆ ರಾಮನವಮಿಯ ಚಪ್ಪರದಲ್ಲಿ ಹಾಡುವುದೇ ದೊಡ್ಡ ಆಸೆಯಾಗಿತ್ತು. ಆದರೆ ಬಯಲಿನ ಚಪ್ಪರದಲ್ಲಿ, ರಸ್ತೆಯ ಸದ್ದಿನ ನಡುವೆ, ನಮ್ಮ ಧ್ವನಿ ನಮಗೇ ಸರಿಯಾಗಿ ಕೇಳಿಸದಿದ್ದಾಗ ಗಂಟಲನ್ನು ಒತ್ತುತ್ತೇವೆ. ಒಂದು ಏಪ್ರಿಲ್‌ನಲ್ಲಿ 12 ದಿನಗಳಲ್ಲಿ ಐದು ಕಚೇರಿ ಹಾಡಿದೆ. ಐದನೆಯದರಲ್ಲಿ ತಾರ ಗಾಂಧಾರ, ಅಂದರೆ ಮೇಲಿನ ಸ್ಥಾಯಿಯ ಗ, ನಿಲ್ಲಲೇ ಇಲ್ಲ.

ಕಾರಣ ತಿಳಿದದ್ದು ಧ್ವನಿಮುದ್ರಣದ ಕೋಣೆಯಲ್ಲಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನನ್ನದೇ ಹಾಡನ್ನು ಕೇಳಿದಾಗ, ತಾರಸ್ಥಾಯಿಯ ಪ್ರತಿ ಸಂಗತಿಗೂ (ಸಾಲನ್ನು ಬದಲಿಸಿ ಹಾಡುವ ಪ್ರತಿ ಬಗೆಗೂ) ಮುನ್ನ ಉಸಿರು ಸೋರುವುದೂ ಗಂಟಲು ಬಿಗಿಯುವುದೂ ಸ್ಪಷ್ಟವಾಗಿತ್ತು. ಸಭೆಯ ಚಪ್ಪಾಳೆ ಮುಚ್ಚಿಟ್ಟಿದ್ದನ್ನು ಮೈಕು ಮುಚ್ಚಿಡಲಿಲ್ಲ. ಧ್ವನಿತಂತುಗಳು ಊದಿಕೊಂಡಿವೆಯೆಂದ ವೈದ್ಯರು ಮೂರು ವಾರ ಮೌನ ಹೇಳಿದರು.

ಮೌನ ಮುಗಿದ ಮೇಲೆ ನಾಲ್ಕೂವರೆ ಮನೆಗೆ ಇಳಿದೆ. ಐದೂವರೆಯ ತಾರ ಷಡ್ಜದಲ್ಲಿ (ಮೇಲಿನ ಸ) ಧ್ವನಿತಂತುಗಳು ಸೆಕೆಂಡಿಗೆ ಸುಮಾರು 415 ಬಾರಿ ಕಂಪಿಸಿದರೆ ನಾಲ್ಕೂವರೆಯಲ್ಲಿ ಸುಮಾರು 370 ಬಾರಿ. ಕಿವಿಗೆ ಸಣ್ಣದೆನಿಸುವ ಈ ಅಂತರ ಎರಡೂವರೆ ಗಂಟೆಯ ಕಚೇರಿಯಲ್ಲಿ ಗಂಟಲಿಗೆ ಬಹಳ ದೊಡ್ಡದು. ಪಿಟೀಲಿನವರು ತಂತಿಗಳನ್ನು ಇಳಿಸಿಕೊಂಡರು, ಮೃದಂಗದ ವಿದ್ವಾಂಸರು ಬೇರೆ ವಾದ್ಯವನ್ನೇ ತರಬೇಕಾಯಿತು. ನನಗೆ ಮಾತ್ರ ಆರು ತಿಂಗಳು ಹಿಡಿಯಿತು, ಏಕೆಂದರೆ ಮಂದ್ರ ಪಂಚಮ (ಕೆಳಗಿನ ಸ್ಥಾಯಿಯ ಪ) ಈಗ ಇನ್ನೂ ಕೆಳಗಿತ್ತು, ಅಲ್ಲಿ ನನ್ನ ಧ್ವನಿ ಬರಿಯ ಗಾಳಿಯಾಗುತ್ತಿತ್ತು. ಬೆಳಗಿನ ಜಾವ 20 ನಿಮಿಷ ಮಂದ್ರದಲ್ಲಿ ‘ಆ’ ಎಂದು ಅಕಾರ ಹಿಡಿದು ನಿಲ್ಲುವುದೇ ಸಾಧನೆಯಾಯಿತು. ಕಚೇರಿಯ ಕಳೆ ಕುಂದಿತೆಂದವರಿದ್ದರು, ನೋವಾಯಿತು; ಆದರೆ ತೋಡಿ ರಾಗದ ಆಲಾಪನೆಯಲ್ಲಿ ಗಮಕಗಳು, ಅಂದರೆ ಸ್ವರಗಳ ತೂಗಾಟಗಳು, ಮೊದಲ ಬಾರಿಗೆ ಅವಸರವಿಲ್ಲದೆ ಬಂದವು.

ಈಗ ಹೊಸಬರಿಗೆ ನನ್ನ ಶ್ರುತಿಯಲ್ಲಿ ಪಾಠ ಆರಂಭಿಸುವುದಿಲ್ಲ. ಮೊದಲ ಎರಡು ವಾರ ಅವರ ಮಾತಿನ ಧ್ವನಿಯನ್ನು ಗಮನಿಸಿ, ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಕತ್ತಿನ ನರ ಉಬ್ಬದೆ ಹೋಗಿಬರುವ ಶ್ರುತಿಯನ್ನು ಹುಡುಕುತ್ತೇನೆ. ಹದಿಮೂರರ ಹುಡುಗನೊಬ್ಬನ ಧ್ವನಿ ಒಡೆದಾಗ ಮನೆಯವರು ಪಾಠ ಬಿಡಿಸಲು ಬಂದಿದ್ದರು. ಐದು ಮನೆಯಿಂದ ಹಂತಹಂತವಾಗಿ ಇಳಿಸುತ್ತ, ಸ್ವರಗಳನ್ನು ಜೋಡಿಯಾಗಿ ಹಾಡುವ ಜಂಟಿವರಸೆಯನ್ನು ಒಂದನೆಯ ಕಾಲದ ನಿಧಾನಗತಿಯಲ್ಲಷ್ಟೇ ಹಾಡಿಸುತ್ತ ಬಂದೆ. ಎರಡು ವರ್ಷದ ನಂತರ ಅವನು ಒಂದೂವರೆ ಮನೆಯಲ್ಲಿ ನೆಲೆನಿಂತ, ಈಗ ಮೋಹನ ರಾಗದ ವರ್ಣವೆಂಬ ರಚನೆಯನ್ನು ಎರಡು ಕಾಲದಲ್ಲಿ (ವೇಗದಲ್ಲಿ) ಹಾಡುತ್ತಾನೆ.