ಉಣುಗೋಲಿನ ಹೊರಗೆ ನಿಂತು ನನಗೆ ನಾನೇ ಹೇಳಿಕೊಂಡಿದ್ದು

ಕೋಣಂದೂರು ದಾಟಿ ಸ್ವಲ್ಪ ಒಳಗೆ ಒಂದು ಮನೆ. ಮುಂದೆ ಉಣುಗೋಲು, ಅಂದರೆ ಅಡ್ಡ ಗಳು ಸರಿಸಿ ಒಳಗೆ ಹೋಗುವ ಗೇಟು. ಆಚೆ ಅಂಗಳ, ಜಗುಲಿಯಲ್ಲಿ ಎಲೆಅಡಿಕೆಯ ಕವಳ ಹಾಕುತ್ತಾ ಕೂತ ಯಜಮಾನರು. ನಾನು ಬೈಕ್ ನಿಲ್ಲಿಸಿ 20 ನಿಮಿಷ ಆಗಿತ್ತು. ಒಳಗೆ ಹೋಗಲು ಕಾಲೇ ಬರಲಿಲ್ಲ. ಫೋನ್ ಕಿವಿಗಿಟ್ಟು ಯಾರ ಹತ್ತಿರವೋ ಮಾತಾಡುವ ಹಾಗೆ ನಾಟಕ ಮಾಡಿದೆ. ಆ ಜಾಗದಲ್ಲಿ ಸಿಗ್ನಲ್ ಸಿಗುವುದಿಲ್ಲ. ಅದು ನನಗಿಂತ ಚೆನ್ನಾಗಿ ಆ ಯಜಮಾನರಿಗೆ ಗೊತ್ತು. ಕೊನೆಗೆ ಬೈಕ್ ತಿರುಗಿಸಿಕೊಂಡು ಬಂದುಬಿಟ್ಟೆ.

ನಾನು ಮಾರುವುದು ತೋಟದ ಹುಲ್ಲು ಹೊಡೆಯುವ ವೀಡ್ ಕಟರ್, ಜೊತೆಗೆ ಔಷಧಿ ಹೊಡೆಯುವ ಪಂಪು. ಅಂಗಡಿ ಶಿವಮೊಗ್ಗದಲ್ಲಿ. ಗಿರಾಕಿಗಳು ತೀರ್ಥಹಳ್ಳಿ, ಹೊಸನಗರ, ರಿಪ್ಪನ್‌ಪೇಟೆ ಕಡೆಯ ಅಡಿಕೆ ತೋಟದವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹೋಟೆಲ್ ಹಾಲಿನಲ್ಲಿ ನಮಗೆ ಎರಡು ದಿನ ಟ್ರೇನಿಂಗ್ ಕೊಟ್ಟರು. ಟೈ ಕಟ್ಟಿದ್ದ ಒಬ್ಬರು, ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು 10 ಸಲ "ನಾನೇ ನಂಬರ್ ಒನ್, ಇವತ್ತು ಗೆದ್ದೇ ಗೆಲ್ಲುತ್ತೇನೆ" ಅಂತ ಜೋರಾಗಿ ಹೇಳಿ ಅಂದರು. ನಾನು ಹೇಳಿದೆ. ಬಚ್ಚಲುಮನೆಯಲ್ಲಿ, ಹಂಡೆ ಪಕ್ಕದ ಒಡಕು ಕನ್ನಡಿ ಮುಂದೆ. ಅಮ್ಮ ಹೊರಗಿನಿಂದ "ಯಾರ ಜೊತೆ ಜಗಳ ಮಾರಾಯಾ, ಬೆಳಿಗ್ಗೆ ಬೆಳಿಗ್ಗೆ?" ಅಂತ ಕೇಳಿದರು.

ಒಂದು ತಿಂಗಳು ಬಿಡದೆ ಹೇಳಿದೆ. ಆದದ್ದು ಉಲ್ಟಾ. "ನಾನೇ ನಂಬರ್ ಒನ್" ಅಂದ ತಕ್ಷಣ ಒಳಗಿನಿಂದ ಇನ್ನೊಬ್ಬ ಕೇಳುತ್ತಿದ್ದ: "ಹೌದಾ? ಹೋದ ತಿಂಗಳು ಎಷ್ಟು ಮೆಷಿನ್ ಮಾರಿದೆ?" ಎರಡು. ಅದರಲ್ಲಿ ಒಂದು ನಮ್ಮ ಚಿಕ್ಕಪ್ಪನ ಮನೆಗೆ.

ಇದು ನನ್ನೊಬ್ಬನ ಹಣೆಬರಹ ಅಂದುಕೊಂಡಿದ್ದೆ. ಹಾಗಲ್ಲವಂತೆ. ಕೆನಡಾದಲ್ಲಿ ಜೊಆನ್ ವುಡ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ತಮ್ಮ ಮೇಲೆ ಮೊದಲೇ ಭರವಸೆ ಕಮ್ಮಿ ಇರುವವರು ತಮ್ಮನ್ನು ಹೊಗಳಿಕೊಳ್ಳುವ ಮಾತನ್ನು ಪದೇ ಪದೇ ಹೇಳಿಕೊಂಡರೆ ಮನಸ್ಸು ಇನ್ನೂ ಕುಗ್ಗುತ್ತದೆ ಅಂತ ಕಂಡಿತಂತೆ. ಭರವಸೆ ಇದ್ದವರಿಗೆ ಮಾತ್ರ ಅಷ್ಟಿಷ್ಟು ಉಪಯೋಗ. ಅಂದರೆ ಹಸಿವಿಲ್ಲದವನಿಗೆ ಊಟ, ಅಲ್ವಾ?

ಹಾಗಾಗಿ ಒಂದು ದಿನ ಬೇರೆ ಕೆಲಸ ಮಾಡಿದೆ. ಆರ್ಡರ್ ಬರೆಯುವ ಪಾಕೆಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ, ಬೆಳಿಗ್ಗೆಯಿಂದ ಸಂಜೆವರೆಗೆ ನನಗೆ ನಾನೇ ಏನೇನು ಹೇಳಿಕೊಳ್ಳುತ್ತೇನೆ ಅನ್ನುವುದನ್ನು ಬರೆದೆ. "ಇವರು ತಗೊಳಲ್ಲ ಬಿಡು." "ನಾನು ಹೋದರೆ ಇವರಿಗೆ ಉಪದ್ರ." "ಇಂಗ್ಲಿಷ್ ಬರಲ್ಲ, ಮುಖ ನೋಡಿಯೇ ಅಳೆದುಬಿಡ್ತಾರೆ." "ನನ್ನ ಕೈಲಿ ಆಗೋ ಕೆಲಸ ಅಲ್ಲ ಇದು." ಮಂಡಗದ್ದೆಯಲ್ಲಿ ಚಹಾ ಕುಡಿಯುವಾಗ ಎಣಿಸಿದೆ. 14 ಮಾತು. ಒಂದೂ ಒಳ್ಳೆಯದಿಲ್ಲ. ಇದೇ ಮಾತನ್ನು ಪಕ್ಕದಲ್ಲಿ ಕೂತು ಬೇರೆ ಯಾರಾದರೂ ಹೇಳಿದ್ದರೆ ಅವರನ್ನು ಬೈಕಿನಿಂದ ಇಳಿಸಿ ಬರುತ್ತಿದ್ದೆ.

ಬರೆಯುವುದು ಸುಲಭ. ಬದಲಿಗೆ ಏನು ಹೇಳಿಕೊಳ್ಳುವುದು ಅನ್ನುವುದೇ ಕಷ್ಟ. ಅದು ಸಿಕ್ಕಿದ್ದು ಕೊಟ್ಟಿಗೆಯಲ್ಲಿ. ನಮ್ಮ ಮನೆಯಲ್ಲಿ ಒಂದು ದನ ಹೊಸದಾಗಿ ಕರು ಹಾಕಿತ್ತು, ಹಾಲು ಕರೆಯಲು ಹೋದರೆ ಒದೆಯುತ್ತಿತ್ತು. ಅಮ್ಮ ಅದರ ಬೆನ್ನು ಸವರುತ್ತಾ "ಹೋ… ಹೋ… ಏನಾಗಲ್ಲ ನಿಲ್ಲು. ನಿನ್ನೆನೂ ಕರೆದಿದ್ದೀನಿ. ಈಗ ಮುಗೀತದೆ" ಅನ್ನುತ್ತಿದ್ದರು. ನಾನು ಸುಮ್ನೆ ಕೇಳಿಸಿಕೊಳ್ಳುತ್ತಾ ನಿಂತೆ. ಅಮ್ಮ ಯಾವತ್ತೂ ದನಕ್ಕೆ "ಈ ಊರಿಗೇ ನೀನು ನಂಬರ್ ಒನ್ ದನ" ಅಂತ ಹೇಳಿಲ್ಲ. ಹೇಳಿದ್ದು ಬರೀ ನಿಜ. ನಿನ್ನೆ ಆಗಿದೆ, ಇವತ್ತೂ ಆಗುತ್ತದೆ, ಸ್ವಲ್ಪ ಹೊತ್ತಿನ ಕೆಲಸ.

ಮಾರನೆಯ ದಿನದಿಂದ ಉಣುಗೋಲಿನ ಹೊರಗೆ ನಾನೂ ಅದನ್ನೇ ಶುರು ಮಾಡಿದೆ. "ಹೋ, ನಿಲ್ಲು. ಮೊನ್ನೆ ಇಂಥದ್ದೇ ಮನೆಗೆ ಹೋಗಿದ್ದೆ, ಯಾರೂ ಹೊಡೆಯಲಿಲ್ಲ. ಆಸರಿಗೆ, ಕುಡಿಯಲು ಏನಾದರೂ ಬೇಕಾ ಅಂತಲೇ ಕೇಳಿದ್ದರು. ಮೆಷಿನ್ ಸ್ಟಾರ್ಟ್ ಮಾಡಲು ನಿನಗೆ ಬರುತ್ತದೆ. ಹತ್ತು ನಿಮಿಷ, ಅಷ್ಟೇ." ಗಮನಿಸಿ, "ನನಗೆ" ಅಲ್ಲ, "ನಿನಗೆ". ಇದು ಅಮ್ಮನಿಂದ ಬಂದ ರೂಢಿ. ಆದರೆ ಅಮೆರಿಕದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಇದನ್ನೂ ನೋಡಿದ್ದಾರೆ. ಭಾಷಣದಂಥ ಎದೆ ಡವಡವ ಅನ್ನುವ ಕೆಲಸಕ್ಕೆ ಮುಂಚೆ "ನಾನು" ಅನ್ನುವ ಬದಲು ತಮ್ಮ ಹೆಸರು ಹಿಡಿದೋ "ನೀನು" ಅಂತಲೋ ತಮ್ಮ ಜೊತೆ ಮಾತಾಡಿಕೊಂಡವರು ಆ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡಿದರಂತೆ. ನಮ್ಮ ಕೊಟ್ಟಿಗೆಯ ವಿದ್ಯೆಗೆ ಅಲ್ಲೊಂದು ಸೀಲು ಬಿದ್ದ ಹಾಗಾಯಿತು.

ಆದರೆ ಇದರಲ್ಲಿ ಒಂದು ಕರಾರು ಇದೆ. ಮಾತು ನಿಜ ಇರಬೇಕು. "ನಿನಗೆ ಬರುತ್ತದೆ" ಅಂತ ಹೇಳಿಕೊಳ್ಳಬೇಕಾದರೆ ನಿಜವಾಗಿ ಬರಬೇಕು. ಒಮ್ಮೆ ಹೊಸನಗರದ ಹತ್ತಿರ ಹಿರಿಯರೊಬ್ಬರು "ಮೆಷಿನ್ನಲ್ಲಿ ಬ್ಲೇಡ್ ಬದಲು ತಿರುಗೋ ಈ ನೈಲಾನ್ ಹಗ್ಗ ಸಣ್ಣ ಸಸಿ ಬುಡಕ್ಕೆ ತಾಗಿದರೆ ಸಿಪ್ಪೆ ಹೋಗಲ್ವಾ?" ಅಂತ ಕೇಳಿದರು. ನಾನು "ಏನೂ ಆಗಲ್ಲ ಸರ್" ಅಂದೆ. ಅವರು ನಕ್ಕು ಎಲೆಗೆ ಸುಣ್ಣ ಹಚ್ಚಿದರು. ಆಗುತ್ತದೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಅವತ್ತು ಯಾವ ದನದ ಮಾತೂ ನನ್ನನ್ನು ಉಳಿಸಲಿಲ್ಲ. ಆಮೇಲೆ ಭಾನುವಾರಗಳಲ್ಲಿ ಚಿಕ್ಕಪ್ಪನ ತೋಟದಲ್ಲಿ ಮೆಷಿನ್ ಹೆಗಲಿಗೆ ಹಾಕಿಕೊಂಡು ನಾನೇ ಹುಲ್ಲು ಹೊಡೆದೆ. ಕಲ್ಲಿರುವಲ್ಲಿ ಬ್ಲೇಡ್ ಬೇಡ, ಹಗ್ಗ. ಸಸಿ ಬುಡದಲ್ಲಿ ಒಂದು ಗೇಣು ಬಿಟ್ಟು ಅಲ್ಲಿ ಕೈಯಲ್ಲೇ ಕೀಳಬೇಕು. ಪೆಟ್ರೋಲಿಗೆ ಆಯಿಲ್ ಬೆರೆಸುವ ಟೂ ಸ್ಟ್ರೋಕ್ ಎಂಜಿನ್ನಿಗೆ 25ಕ್ಕೆ 1ರ ಲೆಕ್ಕ ಆದರೆ ಲೀಟರ್ ಪೆಟ್ರೋಲಿಗೆ 40 ಎಂಎಲ್ ಆಯಿಲ್. ಇಂಬಳ (ಜಿಗಣೆ) ಹತ್ತಿ ಮೊಣಕಾಲಿನವರೆಗೆ ರಕ್ತ. ಈಗ ಯಾರಾದರೂ ಆ ಸಸಿ ಪ್ರಶ್ನೆ ಕೇಳಿದರೆ "ಹೋಗುತ್ತೆ ಯಜಮಾನರೇ, ನಮ್ಮಲ್ಲೇ ನಾಲ್ಕು ಸಸಿಗೆ ಹೋಗಿದೆ" ಅನ್ನುತ್ತೇನೆ. ವಿಚಿತ್ರ ಅಂದರೆ, ಈ ಉತ್ತರ ಕೇಳಿದ ಮೇಲೆಯೇ ಜಾಸ್ತಿ ಜನ "ಎಲ್ಲಿ, ಒಂದ್ಸಲ ಸ್ಟಾರ್ಟ್ ಮಾಡಿ ನೋಡನ" ಅನ್ನುವುದು.

ಒಳಗೆ ಹೋಗುವ ಮುಂಚಿನ ಮಾತಿಗಿಂತ ಹೊರಗೆ ಬಂದ ಮೇಲಿನ ಮಾತು ದೊಡ್ಡದು. ಇದು ನನಗೆ ತಡವಾಗಿ ಗೊತ್ತಾಯಿತು. ನಮ್ಮ ಕಡೆ ಯಾರೂ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವುದಿಲ್ಲ. ನೀರು, ಬೆಲ್ಲ, ಮಜ್ಜಿಗೆ ಎಲ್ಲ ಕೊಟ್ಟು "ಕೊಯ್ಲು ಆಗ್ಲಿ ಮಾರಾಯ್ರೆ, ನೋಡನ" ಅನ್ನುತ್ತಾರೆ. ಮೊದಲೆಲ್ಲ ಈ ಮಾತು ಕೇಳಿದರೆ "ನಾನು ಈ ಕೆಲಸಕ್ಕೇ ಲಾಯಕ್ಕಿಲ್ಲ" ಅಂತ ಅನಿಸುತ್ತಿತ್ತು. ಒಂದು ಮನೆಯ ಉತ್ತರದಿಂದ ಇಡೀ ಜನ್ಮದ ತೀರ್ಪು! ಮಾರ್ಟಿನ್ ಸೆಲಿಗ್‌ಮನ್ ಮತ್ತು ಪೀಟರ್ ಶುಲ್ಮನ್ 1986ರಲ್ಲಿ ವಿಮೆ ಏಜೆಂಟರ ಮೇಲೆ ಮಾಡಿದ ಅಧ್ಯಯನ ಈ ಗುಣದ ಬಗ್ಗೆಯೇ. ಸೋಲಿಗೆ "ನಾನೇ ಸರಿ ಇಲ್ಲ, ಯಾವಾಗಲೂ ಹೀಗೇ, ಎಲ್ಲದರಲ್ಲೂ ಹೀಗೇ" ಅಂತ ಕಾರಣ ಕೊಟ್ಟುಕೊಳ್ಳುವವರಿಗಿಂತ ಹಾಗೆ ಕೊಟ್ಟುಕೊಳ್ಳದವರು ಜಾಸ್ತಿ ಪಾಲಿಸಿ ಮಾರಿದ್ದರು, ಕೆಲಸ ಬಿಟ್ಟವರೂ ಅವರಲ್ಲಿ ಕಮ್ಮಿ.

ಈಗ ಬೈಕ್ ಹತ್ತುವ ಮುಂಚೆ ಬುಕ್ಕಿನಲ್ಲಿ ಒಂದೇ ಸಾಲು ಬರೆಯುತ್ತೇನೆ. ಈ ಮನೆಯಲ್ಲಿ, ಇವತ್ತು, ಯಾಕೆ ಆಗಲಿಲ್ಲ ಅಂತ. "ಜೂನ್ ಮೊದಲ ವಾರ, ಮನೆಯವರೆಲ್ಲ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವ ಗಡಿಬಿಡಿ. ಆ ಔಷಧಿಗೆ ಮೈಲುತುತ್ತ ನೆನೆಹಾಕುವ ಹೊತ್ತಿಗೆ ಹೋಗಿದ್ದು ನನ್ನ ತಪ್ಪು." "ಸಬ್ಸಿಡಿ ಕೇಳಿದರು, ಕಾಗದ ನನ್ನ ಹತ್ತಿರ ಇರಲಿಲ್ಲ." "ಮಗ ಬೆಂಗಳೂರಿನಿಂದ ಬರಬೇಕು, ಅವನೇ ದುಡ್ಡು ಕೊಡುವವನು." ಹೀಗೆ ಬರೆದಾಗ ತಪ್ಪು ನನ್ನದಿದ್ದರೂ ಅದು ತಿದ್ದುವಂಥ ತಪ್ಪಾಗಿ ಕಾಣುತ್ತದೆ. ಕಾಗದ ಇಲ್ಲದಿದ್ದರೆ ನಾಳೆ ತರಬಹುದು. ಲಾಯಕ್ಕಿಲ್ಲ ಅಂತ ಬರೆದರೆ ನಾಳೆ ಏನು ತರೋದು?

ಎಲ್ಲ ದಿನವೂ ಇದು ನಡೆಯುವುದಿಲ್ಲ. ಆಷಾಢದ ಮಳೆಯಲ್ಲಿ, ರೇನ್‌ಕೋಟಿನೊಳಗೂ ನೀರು ಇಳಿದು, ಸತತ ಆರು ಮನೆಯಲ್ಲಿ "ನೋಡನ" ಕೇಳಿದ ಮೇಲೆ ಯಾವ ಮಾತೂ ಕೆಲಸ ಮಾಡಲ್ಲ. ಅಂಥ ದಿನ ಮನೆಗೆ ಹೋಗಿ ಬಿಸಿ ನೀರಲ್ಲಿ ಮೀಯುತ್ತೇನೆ. ಅದಕ್ಕೆ ಮಾತು ಬೇಡ, ಹಂಡೆ ಇದೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಧೈರ್ಯ ಮಾಡಿ ಕೋಣಂದೂರಿನ ಆ ಮನೆಗೇ ಮತ್ತೆ ಹೋದೆ. ಉಣುಗೋಲಿನ ಹತ್ತಿರ ನಿಂತು ಎಂದಿನಂತೆ ಗೊಣಗಿಕೊಳ್ಳುತ್ತಿದ್ದೆ. "ಹೋ, ನಿಲ್ಲು, ಏನಾಗಲ್ಲ." ತೋಟದ ಕಡೆಯಿಂದ ಬಂದ ಯಜಮಾನರು ನನ್ನ ಬೆನ್ನ ಹಿಂದೆಯೇ ನಿಂತಿದ್ದು ಗೊತ್ತೇ ಆಗಲಿಲ್ಲ.

"ಯಾರ ಹತ್ರ ಮಾರಾಯ್ರೆ ಮಾತು? ಇವತ್ತೂ ಫೋನಾ?"

ಬಾಯಿ ತಪ್ಪಿ "ಅಲ್ಲ, ದನಕ್ಕೆ" ಅಂದುಬಿಟ್ಟೆ.

ಅವರು ಆಚೆ ಈಚೆ ನೋಡಿದರು. ರಸ್ತೆಯಲ್ಲಿ ಒಂದು ಕರುವೂ ಇರಲಿಲ್ಲ. ಏನೂ ಕೇಳದೆ ಉಣುಗೋಲು ಸರಿಸಿ "ಬನ್ನಿ, ಕೂತ್ಕೊಳಿ ಮೊದ್ಲು" ಅಂದರು. ಅವತ್ತು ಬುಕ್ಕಿನಲ್ಲಿ ಬರೆದದ್ದು ಇಷ್ಟು: "ಮೆಷಿನ್ ಇಷ್ಟ ಆಯಿತು. ಕೊಯ್ಲು ಮುಗಿದ ಮೇಲೆ. ಜನವರಿಯಲ್ಲಿ ಮತ್ತೆ ಹೋಗು."