ಗಿಟಾರ್ ಅಭ್ಯಾಸ ದಿನಾ ನಡೆಯುವಂತೆ ಮಾಡಿಕೊಂಡಿದ್ದು ಹೀಗೆ

ರಜೆಯ ದಿನ ಎರಡು ಗಂಟೆ ನುಡಿಸುವುದು, ಆಮೇಲೆ ಬೆರಳು ನೋವು, ಉಳಿದ ದಿನವೆಲ್ಲ ಗಿಟಾರ್ ಚೀಲದೊಳಗೆ. ನನ್ನ ಅಭ್ಯಾಸ ಹೀಗೇ ನಿಂತು ನಿಂತು ಸಾಗುತ್ತಿತ್ತು. ಈಗ ದಿನಾ 20 ನಿಮಿಷ ನುಡಿಸುತ್ತೇನೆ, ಅಷ್ಟೇ.

ಮೊದಲು ಗಿಟಾರನ್ನು ಸ್ಟ್ಯಾಂಡ್ ಮೇಲೆ, ಕಣ್ಣಿಗೆ ಬೀಳುವ ಕಡೆ ಇಟ್ಟೆ. ಬಿಸಿಲು ತಾಗದ ಜಾಗವೇ ಬೇಕು, ಇಲ್ಲದಿದ್ದರೆ ಮರ ಹಾಳಾಗುತ್ತದೆ.

ಟ್ಯೂನ್ ಮಾಡಿದ ಮೇಲೆ ಒಂದೇ ಒಂದು ಕಷ್ಟದ ಜಾಗ ಹಿಡಿಯುತ್ತೇನೆ. ನನಗದು ಸಿ ಕಾರ್ಡ್‌ನಿಂದ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎಫ್ ಬಾರ್ ಕಾರ್ಡ್‌ಗೆ, ಅಂದರೆ ತೋರುಬೆರಳಿನಿಂದ ಎಲ್ಲ ತಂತಿಗಳನ್ನೂ ಅಡ್ಡಲಾಗಿ ಒತ್ತುವ ಕಾರ್ಡ್‌ಗೆ, ಹೋಗುವುದು. ತಾಳ ಹಿಡಿಯಲು ಟಿಕ್ ಟಿಕ್ ಅನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬೀಟಿಗೆ ಇಟ್ಟು, ನಾಲ್ಕು ಬೀಟಿಗೊಮ್ಮೆ ಕಾರ್ಡ್ ಬದಲಿಸುತ್ತೇನೆ. ಎಫ್‌ನಲ್ಲಿ ಆರೂ ತಂತಿ ಸ್ಪಷ್ಟವಾಗಿ ಕೇಳಿಸಿದರೆ ಮಾತ್ರ ವೇಗ 5 ಹೆಚ್ಚಿಸುತ್ತೇನೆ. ತೋರುಬೆರಳನ್ನು ಸ್ವಲ್ಪ ಹೊರಳಿಸಿ, ಅದರ ಅಂಚಿನಿಂದ, ಫ್ರೆಟ್ ಪಟ್ಟಿಯ (ಗಿಟಾರ್ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಪಕ್ಕದಲ್ಲೇ ಒತ್ತಿ ನೋಡಿ. ಜಾಸ್ತಿ ಬಲವೇ ಬೇಕಾಗುವುದಿಲ್ಲ! ಇದೊಂದು ಗೊತ್ತಾದ ಮೇಲೆ ನೋವು ಬಹಳ ಇಳಿಯಿತು.

ಕೊನೆಯ ಐದು ನಿಮಿಷ ಇಷ್ಟದ ಹಾಡು. ಇದನ್ನು ಮಾತ್ರ ಬಿಡಬೇಡಿ, ಗಿಟಾರ್ ಹಿಡಿದಿದ್ದೇ ಇದಕ್ಕಲ್ವಾ?

ತುಂಬಾ ಕೆಲಸವಿರುವ ದಿನ ಹಾಡಷ್ಟೇ ನುಡಿಸಿ ಏಳುತ್ತೇನೆ. ಬೆರಳ ತುದಿ ಉರಿದರೆ ಚಿಂತೆಯಿಲ್ಲ, ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು ನೋಯುತ್ತಿದ್ದರೆ ಆಗಲೇ ನಿಲ್ಲಿಸಿ.